ನೋಟ ಮತ್ತು ವ್ರತ: ಹಾಪ್ಕಿನ್ಸನ ಒಂದು ಸುನೀತವನ್ನು ಕುರಿತು

ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ (1844–1889) ಎಂಬ ಆಂಗ್ಲಕವಿಯ ಹೆಸರು ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗಮಾಡಿದವರಿಗೆ ಅಪರಿಚಿತವಲ್ಲ. ಆತನ ಛಂದಸ್ಸಿನ ಹೊಸತನವನ್ನೂ ಪ್ರಕೃತಿವರ್ಣನೆಯ ಬಿಗಿಯನ್ನೂ ಕುರಿತು ಅಧ್ಯಾಪಕರು ವಿಸ್ತಾರವಾಗಿ ಹೇಳುವುದುಂಟು. ಆದರೆ ಈ ಕವಿಯ ಚಿತ್ತದಲ್ಲಿ ಎರಡು ಸಂಗತಿಗಳು ಜೊತೆಗೂಡಿ ನಿಂತಿದ್ದುವು. ಒಂದು, ಕೊನೆಯವರೆಗೂ ಸಡಿಲದ ಕ್ರೈಸ್ತಶ್ರದ್ಧೆ. ಇನ್ನೊಂದು, ಪುರುಷಸೌಂದರ್ಯದ ಕಡೆಗೆ ಆತನಿಗಿದ್ದ ಆಕರ್ಷಣೆ. ಮೊದಲನೆಯದನ್ನು ಎತ್ತಿಹೇಳುವವರು ಎರಡನೆಯದನ್ನು ಮುಚ್ಚಿಬಿಡುತ್ತಾರೆ. ಎರಡನೆಯದನ್ನು ಎತ್ತಿಹೇಳುವವರು ಮೊದಲನೆಯದನ್ನು ಬರಿಯ ಬಂಧನವೆಂದು ತಳ್ಳಿಬಿಡುತ್ತಾರೆ. ಈ ಎರಡು ಬಗೆಯ ವ್ಯಾಖ್ಯಾನದಲ್ಲಿಯೂ ಕವಿತೆಯೇ ಕೈತಪ್ಪಿಹೋಗುತ್ತದೆಂಬುದನ್ನು ಆತನ 1885ರ ಒಂದು ಸುನೀತದ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಕವಿಯ ಚರಿತ್ರೆಯಲ್ಲಿ ಪ್ರಕೃತಕ್ಕೆ ಬೇಕಾದಷ್ಟನ್ನು ಮೊದಲು ಹೇಳಬೇಕು. ಹಾಪ್ಕಿನ್ಸನು 1863ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದನು. ಅಲ್ಲಿ ರಾಬರ್ಟ್ ಬ್ರಿಜಸನ ಸ್ನೇಹವು ಲಭಿಸಿತು. ಬ್ರಿಜಸನ ಮೂಲಕ 1865ರಲ್ಲಿ, ಆತನ ದೂರದ ಬಂಧುವೂ ಕವಿಯೂ ಆದ ಡಿಗ್ಬಿ ಡಾಲ್ಬೆನ್ ಎಂಬ ತರುಣನ ಪರಿಚಯವಾಯಿತು. ಈ ಪರಿಚಯವು ಅಲ್ಪಕಾಲದ್ದಾದರೂ ಹಾಪ್ಕಿನ್ಸನ ಮನಸ್ಸನ್ನು ಆಳವಾಗಿ ಕಲಕಿತು. ಡಾಲ್ಬೆನ್ 1867ರಲ್ಲಿ ನದಿಯಲ್ಲಿ ಮುಳುಗಿ ತೀರಿಕೊಂಡನು. ಅಷ್ಟರೊಳಗೆ, 1866ರ ಅಕ್ಟೋಬರಿನಲ್ಲಿ, ಹಾಪ್ಕಿನ್ಸನು ನ್ಯೂಮನ್ನನ ಹಸ್ತದಿಂದ ಕ್ಯಾಥೊಲಿಕ್ ಧರ್ಮಸಭೆಗೆ ಸೇರಿದ್ದನು. 1868ರಲ್ಲಿ ತನ್ನ ಕವಿತೆಗಳನ್ನು ಸುಟ್ಟು ಯೇಸುಸಭೆಯನ್ನು ಪ್ರವೇಶಿಸಿದನು. 1877ರಲ್ಲಿ ಗುರುದೀಕ್ಷೆಯನ್ನು ಪಡೆದನು. 1884ರಿಂದ ಡಬ್ಲಿನ್ನಿನಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿದ್ದು, 1889ರಲ್ಲಿ ವಿಷಮಜ್ವರದಿಂದ ಮೃತನಾದನು. ಆತನ ಕವಿತೆಗಳನ್ನು ಬ್ರಿಜಸನು ಸಂಪಾದಿಸಿ ಗ್ರಂಥರೂಪದಲ್ಲಿ ಹೊರತಂದದ್ದು 1918ರಲ್ಲಿ.

ಹೀಗೆ ಕವಿಯು ಮೊದಲಿನಿಂದಲೂ ಸಂಪಾದಕರ ಕೈಯಲ್ಲಿ ಸಿಕ್ಕಿದವನು. ಬ್ರಿಜಸನು ತನ್ನ ಟಿಪ್ಪಣಿಗಳ ಮುನ್ನುಡಿಯಲ್ಲಿ, ಇಂದ್ರಿಯಾಸಕ್ತಿಯೂ ವೈರಾಗ್ಯವೂ ಮರೆಯಿಲ್ಲದೆ ಎದುರುಬದುರಾಗುವುದನ್ನು ಒಂದು ಕವಿತೆಯ ದೋಷವೆಂದು ಎಣಿಸಿದನು. ವಿದ್ಯಾರ್ಥಿದೆಸೆಯಲ್ಲಿ ಹಾಪ್ಕಿನ್ಸನು ಪಾಪನಿವೇದನೆಗಾಗಿ ಬರೆದಿಟ್ಟುಕೊಂಡ ಗುಟ್ಟಿನ ಟಿಪ್ಪಣಿಗಳನ್ನು ಹಂಫ್ರಿ ಹೌಸನ 1937ರ ಆವೃತ್ತಿಯಲ್ಲಿಯೂ, ಅದರ 1959ರ ಪರಿಷ್ಕರಣದಲ್ಲಿಯೂ ಬಿಡಲಾಗಿತ್ತು. 1989ರಲ್ಲಿ ನಾರ್ಮನ್ ಮೆಕೆಂಜಿಯು ಹಸ್ತಪ್ರತಿಗಳ ಛಾಯಾಪ್ರತಿಯನ್ನು ಪ್ರಕಟಿಸಿದಾಗ ಅವು ಎಲ್ಲರ ಕಣ್ಣಿಗೂ ಬಿದ್ದುವು. 1991ರಲ್ಲಿ ರಾಬರ್ಟ್ ಬರ್ನಾರ್ಡ್ ಮಾರ್ಟಿನ್ ಬರೆದ ಜೀವನಚರಿತ್ರೆಯು ಡಾಲ್ಬೆನ್ನನ ಪ್ರಸಂಗಕ್ಕೆ ಮುಖ್ಯಸ್ಥಾನವನ್ನು ಕೊಟ್ಟಿತು.

ಆ ಟಿಪ್ಪಣಿಗಳಲ್ಲಿ ಆಲಸ್ಯ, ಹೊತ್ತನ್ನು ವ್ಯರ್ಥಮಾಡಿದ್ದು ಮೊದಲಾದ ಸಣ್ಣ ತಪ್ಪುಗಳ ನಡುವೆ, ಕಣ್ಣಿಗೆ ಬಿದ್ದ ಪುರುಷರೂಪವನ್ನು ನೋಡಿದ್ದೂ ಡಾಲ್ಬೆನ್ನನ ಚಿಂತೆಯಲ್ಲಿ ತೊಡಗಿದ್ದೂ ಪಾಪಗಳೆಂದು ಲೆಕ್ಕಕ್ಕೆ ಸೇರಿವೆ. ಇಲ್ಲಿ ಗಮನಿಸತಕ್ಕದ್ದು ಒಂದೇ: ನೋಡುವುದೇ ದೋಷ. 1865ನೆಯ ನವೆಂಬರ್ 6ರಂದು ಆತನು, ದೇವರ ಅಪ್ಪಣೆಯಾಗುವವರೆಗೆ ಸೌಂದರ್ಯವನ್ನೆಲ್ಲ ತ್ಯಜಿಸುವುದಾಗಿ ಸಂಕಲ್ಪಮಾಡಿದನೆಂದು ಬರೆದುಕೊಂಡಿದ್ದಾನೆ. ಅದರ ಜೊತೆಯಲ್ಲಿಯೇ ಡಾಲ್ಬೆನ್ನನ ಪತ್ರವು ಬಂದಿತೆಂದು ದೇವರನ್ನು ಕೊಂಡಾಡಿದ್ದಾನೆ! ತ್ಯಾಗವೂ ಆನಂದವೂ ಒಂದೇ ಉಸಿರಿನಲ್ಲಿ ಹೊರಟಿವೆ. ಎರಡಕ್ಕೂ ದೇವರೇ ಸಾಕ್ಷಿ. ಇದನ್ನು ಕಪಟವೆನ್ನುವವನು ಮನುಷ್ಯಹೃದಯವನ್ನು ಅರಿತವನಲ್ಲ. ‘ಅಪ್ಪಣೆಯಾಗುವವರೆಗೆ’ ಎಂಬ ಷರತ್ತನ್ನೂ ಮರೆಯಲಾಗದು; ಮುಂದಿನ ಇಪ್ಪತ್ತು ವರ್ಷಗಳ ಕಾವ್ಯವು ಆ ಅಪ್ಪಣೆಯ ಅನ್ವೇಷಣೆಯೆಂದರೂ ಸಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸಲಿಂಗಕಾಮವೆಂದು ನಾವು ಈಗ ಅನುವಾದಿಸುವ ಪಾರಿಭಾಷಿಕಪದವು ಜರ್ಮನ್ ಭಾಷೆಯಲ್ಲಿ 1869ರಲ್ಲಿ ಅಚ್ಚಾಗಿ, ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 1890ರ ದಶಕದಲ್ಲಿ. ಅಂದರೆ ಕವಿಯ ಮರಣಾನಂತರ. ಆದುದರಿಂದ ಆತನು ತನ್ನನ್ನು ಆ ಹೆಸರಿನಿಂದ ತಿಳಿದುಕೊಂಡಿದ್ದನೆಂದು ಹೇಳುವುದು ಸಾಧುವಲ್ಲ. ಆದರೆ ಹೆಸರಿಲ್ಲದ್ದರಿಂದ ವಸ್ತುವೂ ಇಲ್ಲವೆಂದಾಗುವುದಿಲ್ಲ. ಅಮೆರಿಕದ ಕವಿ ವಾಲ್ಟ್ ವ್ಹಿಟ್ಮನ್ನನ ಮನಸ್ಸು, ಬದುಕಿರುವ ಇತರ ಯಾರ ಮನಸ್ಸಿಗಿಂತಲೂ ತನ್ನ ಮನಸ್ಸನ್ನು ಹೆಚ್ಚಾಗಿ ಹೋಲುತ್ತದೆಂದು 1882ರಲ್ಲಿ ಬ್ರಿಜಸನಿಗೆ ಬರೆದ ಪತ್ರದಲ್ಲಿ ಹಾಪ್ಕಿನ್ಸನು ಒಪ್ಪಿಕೊಂಡಿದ್ದಾನೆ. ಆ ಕವಿಯು ದುಷ್ಟನಾದುದರಿಂದ ಈ ಒಪ್ಪಿಗೆಯು ಹಿತವಾದುದಲ್ಲವೆಂದೂ ಸೇರಿಸಿದ್ದಾನೆ. ಆತನಿಗೆ ತನ್ನ ಅರಿವಿತ್ತು.

ಇನ್ನು ಸುನೀತಕ್ಕೆ ಬರೋಣ. ‘ಟು ವಾಟ್ ಸರ್ವ್ಸ್ ಮಾರ್ಟಲ್ ಬ್ಯೂಟಿ’, ಎಂದರೆ ಮರ್ತ್ಯಸೌಂದರ್ಯದಿಂದ ಪ್ರಯೋಜನವೇನು ಎಂಬುದು, 1885ನೆಯ ಆಗಸ್ಟ್ 23ರಂದು ಬರೆದುದು. ಕವಿಯು ಪ್ರಶ್ನೆಯಿಂದ ಹೊರಟು, ಈ ಸೌಂದರ್ಯವು ಅಪಾಯಕರವೆಂದೂ ರಕ್ತವನ್ನು ಕುಣಿಸತಕ್ಕದ್ದೆಂದೂ ಮೊದಲಲ್ಲಿಯೇ ಹೇಳಿಬಿಡುತ್ತಾನೆ. ಆಮೇಲೆ ಅದರ ಪ್ರಯೋಜನ: ಅದು ಮನುಷ್ಯನ ಬುದ್ಧಿಯನ್ನು ಇರುವ ವಸ್ತುಗಳ ಕಡೆಗೆ ಬೆಚ್ಚಗಿಟ್ಟು, ಒಳ್ಳೆಯದೆಂದರೇನೆಂಬುದನ್ನು ತಿಳಿಸುತ್ತದೆ. ತರುವಾಯ ಒಂದು ಸೂಕ್ಷ್ಮವಾದ ಭೇದ: ಕ್ಷಣದೃಷ್ಟಿಯು ಬೇರೆ, ಎವೆಯಿಕ್ಕದೆ ದಿಟ್ಟಿಸುವುದು ಬೇರೆ, ದಿಟ್ಟಿಸುವವನಿಗಿಂತ ಕ್ಷಣಕಾಲ ಕಂಡವನು ಹೆಚ್ಚನ್ನು ಪಡೆಯಬಲ್ಲನು. ಇದಕ್ಕೆ ನಿದರ್ಶನವು ಸಂತ ಗ್ರೆಗೊರಿಯ ಕಥೆ. ರೋಮಿನ ಪೇಟೆಯಲ್ಲಿ ಮಾರಾಟಕ್ಕೆ ನಿಂತ ಆಂಗ್ಲ ದಾಸರ ರೂಪವು ಆತನ ಕಣ್ಣಿಗೆ ಬೀಳದಿದ್ದರೆ, ಇಂಗ್ಲೆಂಡಿಗೆ 597ರಲ್ಲಿ ಧರ್ಮಪ್ರಚಾರಕರು ಬರುತ್ತಿರಲಿಲ್ಲವೆಂದು ಪರಂಪರೆ. ಎಂದಮೇಲೆ ಒಂದು ಜನಾಂಗದ ಕ್ರೈಸ್ತಧರ್ಮಕ್ಕೆ ಒಂದು ನೋಟವೇ ಬೀಜವಾಯಿತೆಂದು ಕವಿಯ ಅಭಿಪ್ರಾಯ. ಕೊನೆಯ ಆರು ಸಾಲುಗಳಲ್ಲಿ ವಿಧಿ: ಲೋಕದಲ್ಲಿ ಅತ್ಯಂತ ಪ್ರೀತಿಪಾತ್ರವಾದುದು ಮನುಷ್ಯನ ಸ್ವತ್ವ, ಅದು ಮೈಮುಖಗಳಿಂದ ಮಿಂಚುತ್ತದೆ. ಅದನ್ನು ಎದುರಿಗೆ ಕಂಡಾಗ ಸುಮ್ಮನೆ ಎದುರುಗೊಳ್ಳು, ಸ್ವರ್ಗದ ಕೊಡುಗೆಯೆಂದು ಹೃದಯದಲ್ಲಿ ಒಪ್ಪಿಕೋ, ಬಳಿಕ ಬಿಟ್ಟುಬಿಡು, ಅದಕ್ಕೆ ದೇವರ ಮಿಗಿಲಾದ ಸೌಂದರ್ಯವಾದ ಕೃಪೆಯನ್ನು ಹಾರೈಸು.

1865ರ ಟಿಪ್ಪಣಿಗಳ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಇಪ್ಪತ್ತು ವರ್ಷಗಳಲ್ಲಿ ಆದ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಅಲ್ಲಿ ನೋಟವೇ ಪಾಪ. ಇಲ್ಲಿ ನೋಟವು ವರವನ್ನು ಸ್ವೀಕರಿಸುವ ಬಗೆ. ಈ ವ್ಯತ್ಯಾಸವು ಶ್ರದ್ಧೆಯು ಸಡಿಲವಾದುದರಿಂದ ಬಂದುದಲ್ಲ, ಶ್ರದ್ಧೆಯು ಬಲಿತುದರಿಂದ ಬಂದುದು. 1872ರಲ್ಲಿ ಹಾಪ್ಕಿನ್ಸನು ಡನ್ಸ್ ಸ್ಕೋಟಸನ ಗ್ರಂಥವನ್ನು ಓದತೊಡಗಿದನು. ಪ್ರತಿಯೊಂದು ವಸ್ತುವಿನ ‘ಇದೇ ಎಂಬ ತನ’ವು ದೇವರ ಸೃಷ್ಟಿಯ ಪರಮಾವಧಿಯೆಂಬ ಆ ತತ್ತ್ವವು, ರೂಪವನ್ನು ಕಂಡು ಮರುಳಾಗುತ್ತಿದ್ದ ಕಣ್ಣಿಗೆ ಶಾಸ್ತ್ರದ ಆಸರೆಯನ್ನು ಕೊಟ್ಟಿತು. ದೇವರೇ ಮನುಷ್ಯಶರೀರವನ್ನು ಧರಿಸಿದನೆಂದು ನಂಬುವವನು ಶರೀರಸೌಂದರ್ಯವನ್ನು ತುಚ್ಛವೆನ್ನಲಾರನು. 1879ರ ಒಂದು ಪತ್ರದಲ್ಲಿ ಶರೀರದ ಸೌಂದರ್ಯವನ್ನು ತನಗಿಂತ ಹೆಚ್ಚಾಗಿ ಮೆಚ್ಚುವವನಿಲ್ಲವೆಂದು ಹೇಳಿ, ಆದರೆ ಅದು ಅಪಾಯಕರವೆಂದೂ, ಬುದ್ಧಿಯ ಸೌಂದರ್ಯವು ಅದಕ್ಕಿಂತ ಮೇಲೆಂದೂ, ಶೀಲದ ಸೌಂದರ್ಯವು ಎಲ್ಲಕ್ಕೂ ಮೇಲೆಂದೂ ಆತನು ಸೋಪಾನವನ್ನು ಕಟ್ಟಿದ್ದನು. ಸುನೀತವು ಆ ಸೋಪಾನದ ಕಾವ್ಯರೂಪ. ಅದೇ ತಿಂಗಳಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಒಂದು ಹೊಸ ಶಾಸನವು ಪುರುಷರೊಳಗಿನ ಸಂಬಂಧಗಳಿಗೆ ದಂಡನೆಯನ್ನು ವಿಸ್ತರಿಸಿತು. ಕಾಲಸಾಮ್ಯದಿಂದ ಕಾರ್ಯಕಾರಣವನ್ನು ಕಲ್ಪಿಸಬಾರದು. ಆದರೆ ಶಾಸನದ ಭಾಷೆಯೊಂದು, ಸುನೀತದ ಭಾಷೆ ಇನ್ನೊಂದು ಎಂಬುದನ್ನು ಓದುಗರು ಮನಗಾಣಬಹುದು.

ಹಾಗಾದರೆ ಕವಿಯು ತನ್ನ ಸಮಸ್ಯೆಯನ್ನು ಪರಿಹರಿಸಿಕೊಂಡನೆಂದು ಹೇಳೋಣವೆ? ಹಾಗೆ ಹೇಳಲು ಬರುವುದಿಲ್ಲ. ‘ಬಿಟ್ಟುಬಿಡು’ ಎಂಬ ವಿಧಿಯನ್ನು ಆತನ ಕಾವ್ಯವೇ ಎಲ್ಲ ಕಡೆಯೂ ಪಾಲಿಸಲಿಲ್ಲ. 1887ರಲ್ಲಿ ಬರೆದ ‘ಹ್ಯಾರಿ ಪ್ಲೌಮನ್’ ಎಂಬ ಸುನೀತದಲ್ಲಿ ಒಬ್ಬ ಉಳುವವನ ತೋಳು, ಪಕ್ಕೆ, ತೊಡೆ, ಮೀನಖಂಡಗಳ ಚಿತ್ರವು ಮೊದಲಿನಿಂದ ಕೊನೆಯವರೆಗೆ ಹರಡಿದೆ. ಅಲ್ಲಿ ಪ್ರಾರ್ಥನೆಯಿಲ್ಲ, ನೀತಿಯಿಲ್ಲ, ಕೃಪೆಯ ಮಾತಿಲ್ಲ. ಅದು ಕ್ಷಣದೃಷ್ಟಿಯಲ್ಲ, ದಿಟ್ಟಿಸಿದ ನೋಟ. ವ್ಹಿಟ್ಮನ್ನನಲ್ಲಿ ಇದರಂಥದೇನಾದರೂ ಇದೆಯೆ, ಇದ್ದರೆ ತನಗೆ ವ್ಯಸನವಾದೀತು ಎಂದು ಕವಿಯೇ ಬ್ರಿಜಸನನ್ನು ಕೇಳಿದ್ದಾನೆ. ನಿಯಮವನ್ನು ರಚಿಸಿದವನು ನಿಯಮದ ಎಲ್ಲೆಯನ್ನೂ ಬಲ್ಲವನಾಗಿದ್ದನು. ಇನ್ನು, ಡಬ್ಲಿನ್ನಿನ ಕಾಲದ ಸಂಕಟದ ಸುನೀತಗಳಿಗೆಲ್ಲ ಈ ಆಕರ್ಷಣೆಯ ನಿಗ್ರಹವೊಂದೇ ಕಾರಣವೆಂಬ ಮತವನ್ನು ಒಪ್ಪಲಾಗದು. ಅನಾರೋಗ್ಯ, ಪರೀಕ್ಷಾಪತ್ರಗಳ ರಾಶಿ, ಐರ್ಲೆಂಡಿನ ರಾಜಕೀಯದಲ್ಲಿ ಪರಕೀಯತೆ, ಸ್ವಜನರಿಂದ ಅಗಲಿಕೆ ಇವೂ ಅಲ್ಲಿದ್ದುವು.

ಈಗಿನ ವಾದಗಳಲ್ಲಿ ಈ ಸುನೀತವನ್ನು ಯಾವ ಪಕ್ಷಕ್ಕೂ ಸುಲಭವಾಗಿ ಒಪ್ಪಿಸಲಾಗದು. 1992ರಲ್ಲಿ ಹೊರಟ ಕ್ಯಾಥೊಲಿಕ್ ಧರ್ಮೋಪದೇಶಗ್ರಂಥವು ಸಲಿಂಗಾಕರ್ಷಣೆಯುಳ್ಳವರನ್ನು ಗೌರವದಿಂದ ಕಾಣಬೇಕೆಂದೂ, ಅವರು ಇಂದ್ರಿಯಸಂಯಮದಿಂದಿರಬೇಕೆಂದೂ ಹೇಳಿ, ಆ ಪ್ರವೃತ್ತಿಯನ್ನು ಅವ್ಯವಸ್ಥಿತವೆಂದು ಕರೆಯುತ್ತದೆ. ಹಾಪ್ಕಿನ್ಸನು ಸಂಯಮವನ್ನು ಸ್ವಇಚ್ಛೆಯಿಂದ ವ್ರತವಾಗಿ ಕೈಕೊಂಡವನು. ಆದುದರಿಂದ ಸಭೆಯ ಪಕ್ಷದವರು ಆತನನ್ನು ತಮ್ಮವನೆನ್ನಬಹುದು. ಆದರೆ ಆತನ ಮಾತು ಅವ್ಯವಸ್ಥೆಯಿಂದ ಹೊರಡುವುದಿಲ್ಲ. ‘ಕೊಡುಗೆ’ ಎಂಬ ಶಬ್ದಕ್ಕೆ ಬಂದು ಮುಟ್ಟುತ್ತದೆ. ಕೊಡುಗೆಯೆಂದು ಕರೆದದ್ದು ಸೌಂದರ್ಯವನ್ನು, ತನ್ನ ಸೆಳೆತವನ್ನಲ್ಲ ಎಂದು ಆಕ್ಷೇಪಿಸುವುದು ಯುಕ್ತವೇ. ಆದರೂ ಸೆಳೆತವಿಲ್ಲದ ಕಣ್ಣಿಗೆ ಆ ಕೊಡುಗೆಯು ಅಷ್ಟು ನಿಶಿತವಾಗಿ ಕಾಣುತ್ತಿತ್ತೆ ಎಂಬ ಪ್ರಶ್ನೆ ಉಳಿಯುತ್ತದೆ. ಸಭೆಯು ಕವಿಯನ್ನು ಕೊಂದಿತೆನ್ನುವವರಿಗೂ ಸಮಾಧಾನವಿಲ್ಲ: ಸುಟ್ಟುಹಾಕಿದ ಕವಿತೆಗಳ ತರುವಾಯ ಬಂದ ಈ ಮಹತ್ತಾದ ಕಾವ್ಯವೆಲ್ಲ ವ್ರತಸ್ಥನ ಕಾವ್ಯ. ಬ್ರಿಜಸನು ದೋಷವೆಂದ ಆ ಎದುರುಬದುರು ನಿಲುವೇ ಅದರ ಪ್ರಾಣ.

ಅಧ್ಯಾಪಕರು ಈ ಕವಿಯನ್ನು ಪಾಠಹೇಳುವಾಗ ಎದುರಿಗೆ ಕುಳಿತವರಲ್ಲಿ, ಶ್ರದ್ಧೆಯನ್ನೂ ಇಂಥ ಸೆಳೆತವನ್ನೂ ಒಂದೇ ಎದೆಯಲ್ಲಿ ಹೊತ್ತ ವಿದ್ಯಾರ್ಥಿಯೊಬ್ಬನು ಇರಬಹುದು. ಅವನ ಪಾಲಿಗೆ ಮುಚ್ಚಿಟ್ಟ ಪಾಠವು ಅಸತ್ಯ. ಶ್ರದ್ಧೆಯನ್ನು ಕಿತ್ತುಕೊಂಡ ಪಾಠವೂ ಅಷ್ಟೇ ಅಸತ್ಯ. ಹಾಪ್ಕಿನ್ಸನ ವಿಧಿಯನ್ನು ಅವನು ಒಪ್ಪಲಿ, ಬಿಡಲಿ. ತನ್ನಂಥವನೊಬ್ಬನು ತನ್ನ ದೇವರ ಎದುರಿನಲ್ಲಿ ಕಣ್ಣುಮುಚ್ಚದೆ ನಿಂತು ಈ ಪ್ರಶ್ನೆಯನ್ನು ಕೇಳಿದನೆಂಬುದನ್ನು ತಿಳಿಯುವ ಅಧಿಕಾರವು ಅವನಿಗುಂಟು. ಆ ಪ್ರಶ್ನೆಯನ್ನು ಅದರ ಪೂರ್ಣರೂಪದಲ್ಲಿ ಮುಂದಿಡುವುದು ವಿಮರ್ಶಕನ ಕರ್ತವ್ಯ.