‘ಶಿಕಾರಿ’ಯ ನಾಗಪ್ಪನೂ ನಮ್ಮ ಮನೆಯ ಮಕ್ಕಳೂ

ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಬಹುಕಾಲ ದುಡಿದು, 2014ರಲ್ಲಿ ಅಲ್ಲಿಯೇ ತೀರಿಕೊಂಡ ಯಶವಂತ ಚಿತ್ತಾಲರು ‘ಶಿಕಾರಿ’ ಕಾದಂಬರಿಯನ್ನು ಪ್ರಕಟಿಸಿದ್ದು 1979ರಲ್ಲಿ. ‘ಲೇಆಫ್’ ಎಂಬ ಮಾತು ಇಂದು ಭಟ್ಕಳ, ಹೊನ್ನಾವರ, ಕುಮಟೆಗಳ ಅಡುಗೆಮನೆಯವರೆಗೂ ಬಂದಿದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಮಕ್ಕಳಿರುವ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ, ಆರೋಗ್ಯ ವಿಚಾರಿಸಿದ ಮರುಕ್ಷಣವೇ ನಾವು ಕೇಳುವುದು ಕೆಲಸದ ಸುದ್ದಿಯನ್ನು. ಹೀಗಿರುವಾಗ ನಮ್ಮ ನೆಲದ ಲೇಖಕರ ಈ ಕೃತಿಯನ್ನು ಮರಳಿ ಓದುವುದು ಕೇವಲ ಸಾಹಿತ್ಯದ ವ್ಯಾಸಂಗವಾಗಿ ಉಳಿಯುವುದಿಲ್ಲ.

ಉತ್ತರ ಕನ್ನಡದ ಬಡತನದಿಂದ ಮೇಲೆ ಬಂದ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದಾನೆ. ಇನ್ನೂ ಮೇಲಿನ ಮೆಟ್ಟಿಲು ಕಾಲಿಗೆ ಎಟುಕುವ ಹೊತ್ತಿಗೆ ಅವನನ್ನು ಹಠಾತ್ತನೆ ಅಮಾನತುಗೊಳಿಸಲಾಗುತ್ತದೆ. ತಾನು ಮಾಡಿದ ತಪ್ಪೇನೆಂಬುದೇ ಅವನಿಗೆ ತಿಳಿಯದು. ವಿಮರ್ಶಕರು ಇಲ್ಲಿ ಕಾಫ್ಕಾನನ್ನು ನೆನೆಯುವುದುಂಟು. ಹೋಲಿಕೆ ತಪ್ಪಲ್ಲ. ಆದರೆ ಚಿತ್ತಾಲರ ಆಫೀಸು ಸಂಕೇತವಾಗಿ ಕಟ್ಟಿದ್ದಲ್ಲ. ಅದು ಒಳಗೆ ಕುಳಿತು ಕಂಡವರು ಬರೆದ ಆಫೀಸು.

ಕಾದಂಬರಿಯ ನಿಜವಾದ ಶಕ್ತಿಯಿರುವುದು ಕೆಲಸ ಹೋದವನ ಮನಸ್ಸಿನ ನಡೆಯನ್ನು ಹಿಡಿದಿಟ್ಟಿರುವುದರಲ್ಲಿ. ನಾಗಪ್ಪ ಕಳೆದುಹೋದ ಮಾತುಗಳನ್ನೆಲ್ಲ ಮತ್ತೆ ಜಾಲಾಡುತ್ತಾನೆ. ಅಂದು ಸಹಜವೆನಿಸಿದ ನಗೆಯಲ್ಲಿ ಇಂದು ವಂಚನೆಯನ್ನು ಕಾಣುತ್ತಾನೆ. ಹಳೆಯ ಪರಿಚಯದ ಶ್ರೀನಿವಾಸನ ಮೇಲೆ ಸಂಶಯ, ಕಂಪನಿಯ ಫಿರೋಜ್ ಬಂದೂಕವಾಲಾನ ಮೇಲೆ ಸಂಶಯ, ಕೊನೆಗೆ ತನ್ನ ಮೇಲೆಯೇ ಸಂಶಯ. (ಬೇಟೆಗಾರನ ಹೆಸರಿನಲ್ಲಿಯೇ ಬಂದೂಕನ್ನು ಇರಿಸಬೇಕಿತ್ತೆ? ಇದೊಂದು ನನಗೆ ಅತಿಯೆನಿಸಿತು.) ಎಂದೋ ಮುಚ್ಚಿದ ಬಾಲ್ಯದ ಗಾಯಗಳೂ ಆಗಲೇ ಬಾಯಿ ತೆರೆಯುತ್ತವೆ. ಹುದ್ದೆಯನ್ನೇ ತಾನು ಎಂದುಕೊಂಡವನಿಗೆ ಹುದ್ದೆ ಹೋದಾಗ ಉಳಿಯುವುದೇನು? ನಾಗಪ್ಪನ ಭಯ ಇದೇ. ಸಂಬಳದ ಚಿಂತೆ ಆಮೇಲಿನದು.

ಅವನ ಒಂಟಿತನಕ್ಕೆ ಹೊರಗಿನ ಕಾರಣವೂ ಇದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯಂತೆ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು ಇಲ್ಲವೆ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಬೇಕಿತ್ತು. ಆಡಳಿತದ ಹುದ್ದೆಯವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಕೋಟು ತೊಟ್ಟವನಿಗೆ ಆ ಕೊಡೆ ಇರಲಿಲ್ಲ.

ಆದರೂ ಇಂದಿನ ಓದುಗರು ಈ ಕೃತಿಯನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ನಾಗಪ್ಪನನ್ನು ಬೇಟೆಯಾಡುವವರಿಗೆ ಮುಖವಿದೆ, ಹೆಸರಿದೆ, ಹಳೆಯ ಮತ್ಸರವಿದೆ. 2023ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. 2025ರ ಜುಲೈಯಲ್ಲಿ ಟಿ.ಸಿ.ಎಸ್. ಕೂಡ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯನ್ನು ಹೇಳಿತು. ಅಷ್ಟು ಮಂದಿಯ ಮೇಲೆ ಯಾರಿಗೆ ವೈಯಕ್ತಿಕ ಹಗೆ ಇದ್ದೀತು? ಶತ್ರುವನ್ನು ಪಕ್ಕದ ಮೇಜಿನಲ್ಲಿ ಹುಡುಕುವ ನಾಗಪ್ಪನ ರೀತಿಯನ್ನು ಅನುಸರಿಸಿದರೆ, ನಾಳೆ ಇನ್ನೊಂದು ಕೆಲಸಕ್ಕೆ ದಾರಿ ತೋರಿಸಬಹುದಾದ ಸ್ನೇಹಿತನನ್ನೂ ಕಳೆದುಕೊಂಡೇವು.

ಇನ್ನೊಂದು ಕೊರತೆ ನನಗೆ ಹೆಚ್ಚು ದೊಡ್ಡದು. ನಾಗಪ್ಪ ಅವಿವಾಹಿತ. ಆದ್ದರಿಂದ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳುವುದು ಎಂಬ ಸಂಕಟ ಈ ದೊಡ್ಡ ಕಾದಂಬರಿಯೊಳಗೆ ಬರುವುದೇ ಇಲ್ಲ. ಹೊನ್ನಾವರದ ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ಮೇಲೆ ಮೂರು ವಾರ ಪ್ರತಿದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಮನೆಯಿಂದ ಹೊರಡುತ್ತಿದ್ದ. ಸಂಜೆಯವರೆಗೆ ಗ್ರಂಥಾಲಯದಲ್ಲಿ ಕುಳಿತು ಮರಳುತ್ತಿದ್ದ. ಹೆಂಡತಿಗೆ ತಿಳಿದದ್ದು ಬ್ಯಾಂಕಿನಿಂದ ಕರೆ ಬಂದಾಗ. ಅವಳು ಅತ್ತದ್ದು ಕೆಲಸ ಹೋದದ್ದಕ್ಕಲ್ಲ, ಆ ಮೂರು ವಾರಗಳಿಗಾಗಿ. ಆ ರಾತ್ರಿ ಇಬ್ಬರೂ ಕುಳಿತು ಸಾಲ, ಶಾಲೆಯ ಫೀಸು, ಅಮ್ಮನ ಔಷಧ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದರಂತೆ. ಊರಿನಲ್ಲಿ ಅಕ್ಕ ಮಾತ್ರ ನೆರೆಯವರಿಗೆ ‘ಮಗ ರಜೆಯಲ್ಲಿದ್ದಾನೆ’ ಎಂದೇ ಹೇಳುತ್ತಿದ್ದಳು.

ಐದು ತಿಂಗಳ ಬಳಿಕ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಅವನಿಗೆ ಬೇರೆ ಕೆಲಸ ದೊರೆಯಿತು. ಆ ಬಿಡುವಿನಲ್ಲಿ ನಾನು ಓದಲು ಕೊಟ್ಟಿದ್ದ ‘ಶಿಕಾರಿ’ಯನ್ನು ಹಿಂದಿರುಗಿಸುತ್ತ, “ಪುಸ್ತಕ ಚೆನ್ನಾಗಿದೆ ಮಾಮಾ. ಆದರೆ ನಾಗಪ್ಪನಿಗೆ ಮನೆಸಾಲದ ಕಂತು ಇರಲಿಲ್ಲವಲ್ಲ” ಎಂದ.