ಕರೆಂಟು ಹೋದರೆ ಹೋಗುವ ಆಟ

ಟಿವಿಗೆ ಜೋಡಿಸುವ ವಿಡಿಯೊ ಗೇಮಿನ ಬಗ್ಗೆ ವಿಮರ್ಶೆ ಬರೆಯುವುದೆಂದರೆ ಕೆಲವರಿಗೆ ನಗು ಬರಬಹುದು. ಕಾದಂಬರಿಗಿರುವ ಮರ್ಯಾದೆ, ಸಿನಿಮಾಕ್ಕಿರುವ ಆಕರ್ಷಣೆ ಅದಕ್ಕೆಲ್ಲಿದೆ? 1990ರ ದಶಕದಲ್ಲಿ ನಮ್ಮ ಬೈಲಹೊಂಗಲದ ಮನೆಗಳಲ್ಲಿ ಅದು ಗಂಡುಹುಡುಗರ ಹಟಕ್ಕೆ ಕೊಂಡ ಸಾಮಾನು. ಪರೀಕ್ಷೆ ಬಂತೆಂದರೆ ಕಪಾಟಿನ ನೆತ್ತಿಗೆ ಏರುವ ಸಾಮಾನು. ಆದರೆ ಆ ಪೆಟ್ಟಿಗೆಗಳಲ್ಲೇ ಒಂದು ಬೇರೆ ಜಾತಿಯಿತ್ತು. ಅದಕ್ಕೆ ಟೈಪ್‌ರೈಟರಿನಂತೆ ಕೀಲಿಮಣೆಯಿತ್ತು. ಜೊತೆಗೆ ಬಂದ ಒಂದು ಕ್ಯಾಸೆಟ್ ಸಿಕ್ಕಿಸಿದರೆ, ಆಟ ಆಡುವ ಬದಲು ಆಟ ಕಟ್ಟಬಹುದಾಗಿತ್ತು. ಅಡುಗೆ ಉಣ್ಣುವವರಿಗೂ ಮಾಡುವವರಿಗೂ ಇರುವ ಅಂತರವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ! ಈ ಪೆಟ್ಟಿಗೆಯನ್ನೂ ಮಾಡುವವರ ಕಡೆಯಿಂದಲೇ ಅಳೆಯಬೇಕೆಂದು ನನ್ನ ಅನಿಸಿಕೆ.

ಇದರ ಮೂಲ ಜಪಾನಿನದು. ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆ ತಂದಿತು. ಮರುವರ್ಷ ಹಡ್ಸನ್ ಸಾಫ್ಟ್ ಮತ್ತು ಶಾರ್ಪ್ ಕಂಪನಿಗಳ ಜೊತೆಗೂಡಿ, ಕೀಲಿಮಣೆ ಸಮೇತ ಫ್ಯಾಮಿಲಿ ಬೇಸಿಕ್ ಎಂಬುದನ್ನು ಮಾರಾಟಕ್ಕಿಟ್ಟಿತು. ಮುಂದೆ ಇವುಗಳ ನಕಲುಗಳು ತೈವಾನ್, ಚೀನಾಗಳಲ್ಲಿ ತಯಾರಾಗಿ, ಹತ್ತಾರು ಹೆಸರು ಹೊತ್ತು ನಮ್ಮ ದೇಶಕ್ಕೂ ಬಂದವು. ಬೇಸಿಕ್ ಎಂದರೆ ಯಂತ್ರಕ್ಕೆ ಸಾಲುಸಾಲಾಗಿ ಅಪ್ಪಣೆ ಕೊಡುವ ಸರಳ ಭಾಷೆ. 10ನೆಯ ಸಾಲಿನಲ್ಲಿ ಇದನ್ನು ಮಾಡು, 20ರಲ್ಲಿ ಅದನ್ನು ಮಾಡು, 30ರಲ್ಲಿ ತಿರುಗಿ 10ಕ್ಕೆ ಹೋಗು. ಇಷ್ಟೇ ಅದರ ಧಾಟಿ.

ಜಾಗವೆಷ್ಟು ಇಕ್ಕಟ್ಟು ನೋಡಿ. ಫ್ಯಾಮಿಲಿ ಬೇಸಿಕ್ಕಿನ ಮೊದಲ ರೂಪದಲ್ಲಿ ಆಟ ಬರೆಯಲು ಸಿಗುತ್ತಿದ್ದುದು ಎರಡು ಕಿಲೋಬೈಟಿಗೂ ಕಡಿಮೆ. ಅಂದರೆ ಪುಸ್ತಕದ ಒಂದು ಪುಟದಷ್ಟು ಇಂಗ್ಲಿಷ್ ಅಕ್ಷರ. ಪರದೆಯ ಮೇಲೆ ಓಡಾಡುವ ಬೊಂಬೆಯೊಂದು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ತುಣುಕುಗಳಿಂದ ಆದದ್ದು. ಒಂದು ತುಣುಕಿಗೆ ಮೂರೇ ಬಣ್ಣ. ಒಂದೇ ಗೆರೆಯ ಮೇಲೆ ಇಂಥ 8 ತುಣುಕು ನಿಲ್ಲಬಹುದು, ಒಂಬತ್ತನೆಯದು ಕಾಣುವುದೇ ಇಲ್ಲ.

ಕಸೂತಿ ಬಲ್ಲವರಿಗೆ ಈ ಲೆಕ್ಕ ಹೊಸದೇನಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಗಂಟು ಕಾಣಬಾರದು, ಒಳಗೂ ಹೊರಗೂ ಒಂದೇ ರೂಪ ಬರಬೇಕು. ಇಷ್ಟು ಕಟ್ಟಳೆಯೊಳಗೇ ನಮ್ಮ ಕಡೆಯ ಹೆಂಗಸರು ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವನ್ನೂ ಮೂಡಿಸಿದ್ದಾರೆ. ಇಕ್ಕಟ್ಟು ಇದ್ದಮಾತ್ರಕ್ಕೆ ಒಂದು ಸಾಧನವನ್ನು ಹಳಿಯುವುದು ನ್ಯಾಯವಲ್ಲ.

ನನ್ನ ತಕರಾರು ಬೇರೆಯದು. ಅಣ್ಣನ ಮನೆಯಲ್ಲಿ ಮಗನಿಗೆಂದು ತಂದ ಇಂಥದೊಂದು ಪೆಟ್ಟಿಗೆ ಅವನಿಗೆ ಬೇಸರವಾದ ಮೇಲೆ ಮಗಳ ಕೈಗೆ ಬಂತು. ಅವಳು ಕಟ್ಟಿದ ಆಟದ ಹೆಸರು 'ನಳ ಬಂತು'. ನಳ ನಿಲ್ಲುವುದರೊಳಗೆ ಎಷ್ಟು ಕೊಡ ತುಂಬಿಸುತ್ತೀ ಎಂಬುದೇ ಆಟ. ಊರ ಬಾಳಿನಿಂದ ನೇರವಾಗಿ ಎತ್ತಿದ ವಸ್ತು! ಆದರೆ ತೋರಿಸುವಾಗ ಅವಳ ಮುಖ ಸಣ್ಣದಾಗಿತ್ತು. "ಅತ್ತಿ, ಕೊಡಾ ಹೊತ್ತ ಹೆಂಗಸು ಇದರಾಗ ಇಲ್ಲ ನೋಡ" ಅಂದಳು. ಮೂಲ ಫ್ಯಾಮಿಲಿ ಬೇಸಿಕ್ಕಿನಲ್ಲೇ 16 ಸಿದ್ಧ ಬೊಂಬೆಗಳಿದ್ದವು: ಮಾರಿಯೊ, ಫ್ರಾಕು ತೊಟ್ಟ ಒಬ್ಬ ಹೆಣ್ಣು, ಪೆಂಗ್ವಿನ್, ಕಾರು ಮುಂತಾಗಿ. ಅವನ್ನು ಓಡಿಸಬಹುದು, ಕುಣಿಸಬಹುದು, ಹೊಸ ಬೊಂಬೆ ಬರೆಯುವಂತಿಲ್ಲ. ಅವಳ ಆಟದಲ್ಲಿ ನೀರು ತುಂಬಿದ್ದು ಪೆಂಗ್ವಿನ್ನು. ಹೊಲಿ ಎಂದು ಸೂಜಿ ಕೊಟ್ಟು, ಮಾದರಿ ಮಾತ್ರ ನಮ್ಮದೇ ಇರಲಿ ಎಂದಂತಾಯಿತು. ಇದು ಈ ಸಾಧನದ ಮೊದಲ ದೋಷ.

ಎರಡನೆಯದು ಇನ್ನೂ ದೊಡ್ಡದು. ಮೂಲ ಜಪಾನಿ ಯಂತ್ರದಲ್ಲಿ ಬರೆದದ್ದು ಉಳಿಯಲು ಎರಡು ಸಣ್ಣ ಬ್ಯಾಟರಿ ಹಾಕುವ ಜಾಗವಿತ್ತು, ಟೇಪ್ ರೆಕಾರ್ಡರಿಗೆ ಜೋಡಿಸಿಯೂ ಇಡಬಹುದಾಗಿತ್ತು. ಅಣ್ಣನ ಮನೆಯ ನಕಲಿನಲ್ಲಿ ಎರಡೂ ಇರಲಿಲ್ಲ. ಕರೆಂಟು ಹೋಯಿತೋ, ಆಟವೂ ಹೋಯಿತು. ಲೋಡ್ ಶೆಡ್ಡಿಂಗಿನ ಊರಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕೆ? "ಮತ್ತ ಮೊದಲಿಂದ ಬರೀಬೇಕೇನ?" ಎಂದು ಕೇಳಿದವಳೇ ತಾನೇ ಒಂದು ವಹಿ ಹೊಲಿದುಕೊಂಡು ಪ್ರತಿ ಸಾಲನ್ನೂ ಪೆನ್ಸಿಲ್ಲಿನಿಂದ ಇಳಿಸಿದಳು.

ರಂಗೋಲಿಯೂ ದಿನಾ ಅಳಿಯುತ್ತದೆ, ರೊಟ್ಟಿಯೂ ಅವತ್ತೇ ಮುಗಿಯುತ್ತದೆ, ಉಳಿಯಲೇಬೇಕೆಂಬ ಹಟವೇಕೆ ಎಂದು ನೀವು ಕೇಳಬಹುದು. ಆದರೆ ರಂಗೋಲಿ ಅಳಿದರೂ ಅದರ ಚುಕ್ಕೆ ಲೆಕ್ಕ ತಾಯಿಯ ವಹಿಯಲ್ಲಿರುತ್ತದೆ, ನೆರೆಮನೆಯವಳು ಕೇಳಿ ಬರೆದುಕೊಳ್ಳುತ್ತಾಳೆ. ಅಳಿಸುವ ಹಕ್ಕು ಮಾಡಿದವಳದು. ಇಲ್ಲಿ ಆ ಹಕ್ಕು ಸ್ವಿಚ್ಚಿನ ಪಾಲಾಗಿತ್ತು.

ಇದೇನು ಅಗ್ಗದ ನಕಲಿನ ಗೋಳು ಮಾತ್ರವೇ? ಅಲ್ಲ. ಸೋನಿ ಕಂಪನಿ 1996ರಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕ, ಯುರೋಪುಗಳಲ್ಲಿ ನೆಟ್ ಯಾರೋಜೆ ಎಂಬ ಕಪ್ಪು ಬಣ್ಣದ ಪ್ಲೇಸ್ಟೇಷನ್ ತಂದಿತು. 'ಯಾರೋಜೆ' ಎಂದರೆ ಜಪಾನಿ ಭಾಷೆಯಲ್ಲಿ 'ಬನ್ನಿ, ಮಾಡೋಣ' ಎಂದಂತೆ. ಹವ್ಯಾಸಿಗಳು ಮನೆಯಲ್ಲೇ ಆಟ ಕಟ್ಟಲೆಂದು ಬಂದ ಇದಕ್ಕೆ ಅಮೆರಿಕದಲ್ಲಿ ಸುಮಾರು 750 ಡಾಲರ್ ಬೆಲೆ. ಮೇಲೆ ಒಂದು ಕಂಪ್ಯೂಟರೂ ಬೇಕು. ಆದರೆ ಕಟ್ಟಿದ ಆಟವನ್ನು ಸಿಡಿಗೆ ಇಳಿಸಿ ಗೆಳೆಯನ ಮಾಮೂಲಿ ಪ್ಲೇಸ್ಟೇಷನ್ನಿನಲ್ಲಿ ಹಾಕುವಂತಿರಲಿಲ್ಲ. ಇಡೀ ಆಟ ಯಂತ್ರದ ನೆನಪಿನೊಳಗೇ ಹಿಡಿಸಬೇಕು. ಮುಖ್ಯ ನೆನಪು 2 ಮೆಗಾಬೈಟು. ಅದರಿಂದಲೂ ಒಳ್ಳೆಯ ಫಲ ಬಂತು: ಅಲ್ಲಿ ಹುಟ್ಟಿದ ದಾಳಗಳ ಆಟವೊಂದು 1998ರಲ್ಲಿ 'ಡೆವಿಲ್ ಡೈಸ್' ಎಂದು ಅಂಗಡಿಗೇ ಬಂತು. ಹಾಗೆಂದು ಬೀಗವನ್ನು ಹೊಗಳಬೇಕಾಗಿಲ್ಲ. ಮುಂದೆ ಇದೇ ಕಂಪನಿ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳಲು ಮೊದಲು ಅವಕಾಶವಿತ್ತು, 2010ರಲ್ಲಿ ಅದನ್ನು ತೆಗೆದುಹಾಕಿತು.

ಹೀಗಾಗಿ ಮಿತಿಯಲ್ಲಿ ಎರಡು ಬಗೆ. ಒಂದು ಬಡತನದ ಮಿತಿ: ಬಟ್ಟೆ ಸಣ್ಣದು, ದಾರ ಕಡಿಮೆ. ಅದು ಕೈಯನ್ನು ಪಳಗಿಸುತ್ತದೆ. ಇನ್ನೊಂದು ಬೀಗದ ಮಿತಿ: ಹೊಲಿ, ಆದರೆ ನನ್ನ ಮಾದರಿಯನ್ನೇ ಹೊಲಿ; ಮಾಡು, ಆದರೆ ಹೊರಗೆ ಒಯ್ಯಬೇಡ. ಹೆಣ್ಣುಮಕ್ಕಳಿಗೆ ಎರಡೂ ಪರಿಚಿತವೇ. ಮೊದಲನೆಯದನ್ನು ಜಾಣ್ಮೆಯೆಂದು ಹೊಗಳುವ ಭರದಲ್ಲಿ ಎರಡನೆಯದನ್ನೂ ಸಹಿಸಿಬಿಡುವುದು ನಮ್ಮ ಹಳೆಯ ರೂಢಿ.

ಈಗ ಆ ಹಳೆಯ ಪೆಟ್ಟಿಗೆಗೆ ಮಾಮೂಲಿ ಕಂಪ್ಯೂಟರಿನಲ್ಲೇ ಆಟ ಬರೆಯಬಹುದು. ಸಿಸಿ65ರಂಥ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಬೊಂಬೆಯನ್ನೂ ಚುಕ್ಕೆ ಚುಕ್ಕೆಯಾಗಿ ನಾವೇ ಬಿಡಿಸಬಹುದು, ಬರೆದದ್ದು ಉಳಿಯುತ್ತದೆ, ಕಳಿಸಿದಲ್ಲಿಗೆ ಹೋಗುತ್ತದೆ. ಕೊಡ ಹೊತ್ತ ಹೆಂಗಸಿಗೆ ಅಡ್ಡಿಯಿಲ್ಲ. ಆದರೆ ಮನೆಮನೆಗೆ ಬಂದಿರುವುದು ಮೊಬೈಲು. ಅದರಲ್ಲಿ ಆಡುವುದು ಸುಲಭ, ಕಟ್ಟುವುದು ಕಷ್ಟ. ಕಿತ್ತೂರಿನಲ್ಲೋ ರಾಮದುರ್ಗದಲ್ಲೋ ಯಾವುದಾದರೂ ಹುಡುಗಿ ಮುಂದೆ ಬಂದು ತಾನೊಂದು ಆಟ ಮಾಡಿದ್ದೇನೆ ಎಂದರೆ, ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಅದನ್ನು ಎಲ್ಲಿ ಇಟ್ಟಿದ್ದೀಯವ್ವಾ ಎಂದು ಕೇಳಿ. ಇಡಲು ಜಾಗ ಇಲ್ಲವೆಂದರೆ, ಆ ಜಾಗ ಮಾಡಿಕೊಡುವುದು ಮನೆಯ ಹಿರಿಯರಾದ ನಮ್ಮ ಕೆಲಸ.