ಬಹುವಚನದಲ್ಲಿ ಕರೆದ ದೇವರು

ಜಾರ್ಜ್ ಹರ್ಬರ್ಟನ 'ಲವ್' ಹೆಸರಿನ ಮೂರನೆಯ ಕವಿತೆಯನ್ನು ಕನ್ನಡಕ್ಕೆ ತರಲು ಹೊರಟಾಗ ನಾನು ಮೊದಲು ಎಡವಿದ್ದು ಒಂದು ಸರ್ವನಾಮದಲ್ಲಿ. ಊಟಕ್ಕೆ ಬಂದ ಅತಿಥಿ ದೇವರನ್ನು 'ನೀನು' ಎನ್ನಬೇಕೋ, 'ನೀವು' ಎನ್ನಬೇಕೋ?

ಹರ್ಬರ್ಟ್ (1593–1633) ಬದುಕಿನ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಹತ್ತಿರದ ಬೆಮರ್ಟನ್ ಎಂಬಲ್ಲಿ ಪಾದ್ರಿಯಾಗಿದ್ದ. ಅವನು ತೀರಿಕೊಂಡ ವರ್ಷವೇ ಅಚ್ಚಾದ 'ದ ಟೆಂಪಲ್' ಸಂಕಲನದ ನಡುವಿನ ದೊಡ್ಡ ಭಾಗ ಈ ಕವಿತೆಯಿಂದ ಮುಗಿಯುತ್ತದೆ. ಇರುವುದು 18 ಸಾಲು. ಪ್ರೀತಿ ಒಳಗೆ ಕರೆಯುತ್ತದೆ; ತನ್ನ ಪಾಪ ನೆನೆದ ಅತಿಥಿ ಹಿಂಜರಿಯುತ್ತಾನೆ. ಮಾತಿಗೆ ಮಾತು ಬೆಳೆದು, ಕೊನೆಗೆ ಕೂತು ಉಣ್ಣುತ್ತಾನೆ.

ಪ್ರೀತಿ ಭಯವನ್ನು ಓಡಿಸಿತು ಎಂದು ಇದನ್ನು ಓದುವುದು ಸುಲಭ. ನಾನೂ ಬಹುಕಾಲ ಹಾಗೆಯೇ ಓದಿದೆ. ಆದರೆ ಹಾಗೆ ಓದಿದರೆ ದೇವರ ಪರಿಶುದ್ಧತೆ ಅಗ್ಗವಾಗುತ್ತದೆ. ಅತಿಥಿ ತನ್ನ ನಾಚಿಕೆಯನ್ನು ಹೇಳಿಕೊಂಡಾಗ ಪ್ರೀತಿ 'ಅದೇನು ದೊಡ್ಡದಲ್ಲ ಬಿಡಿ' ಎನ್ನುವುದಿಲ್ಲ. ಆ ತಪ್ಪಿನ ಭಾರ ಹೊತ್ತವರು ಯಾರೆಂದು ನೆನಪಿಸುತ್ತದೆ. ತಪ್ಪು ತಪ್ಪಾಗಿಯೇ ಉಳಿದಿದೆ. ಅದರ ಬೆಲೆಯನ್ನು ಬೇರೊಬ್ಬರು ತೆತ್ತಿದ್ದಾರೆ. ಯೆಶಾಯನ ಗ್ರಂಥದ 6ನೆಯ ಅಧ್ಯಾಯದಲ್ಲೂ ಹೀಗೆಯೇ: ಪ್ರವಾದಿ ತನ್ನ ತುಟಿಯನ್ನು ತಾನು ಶುದ್ಧ ಮಾಡಿಕೊಳ್ಳುವುದಿಲ್ಲ, ಯಜ್ಞವೇದಿಯ ಕೆಂಡ ಬಂದು ಮುಟ್ಟುತ್ತದೆ. ಮಡಿಯುಟ್ಟು ಆಮೇಲೆ ಹತ್ತಿರ ಹೋಗುವ ಕ್ರಮ ನಮಗೆ ಗೊತ್ತು. ಇಲ್ಲಿ ಶುದ್ಧಿ ಆ ಕಡೆಯಿಂದ ಬರುತ್ತದೆ.

ಕೊನೆಗೆ ಅತಿಥಿ 'ಹಾಗಾದರೆ ನಾನು ಬಡಿಸುತ್ತೇನೆ' ಎಂಬ ಧಾಟಿಗೆ ಇಳಿಯುತ್ತಾನೆ. ಕೇಳಲು ವಿನಯ. ನನಗೆ ಅದು ಅಹಂಕಾರದ ಕೊನೆಯ ಅಡಗುತಾಣವಾಗಿ ಕಾಣುತ್ತದೆ. ಬಡಿಸುವವನಿಗೆ ಸಾಲ ತೀರಿಸಿದ ಸಮಾಧಾನವಿದೆ, ಉಣ್ಣುವವನಿಗೆ ಅದಿಲ್ಲ. ಪ್ರೀತಿ ಒಪ್ಪುವುದಿಲ್ಲ, ಕೂರಲೇಬೇಕು ಎನ್ನುತ್ತದೆ. ಆದ್ದರಿಂದ ಇಲ್ಲಿ ಭಯಭಕ್ತಿ ಹೊರಟುಹೋಗಿಲ್ಲ, ಜಾಗ ಬದಲಿಸಿದೆ. ದೂರ ನಿಲ್ಲುವುದಕ್ಕಿಂತ ಕೂತು ಸ್ವೀಕರಿಸುವುದೇ ಕಷ್ಟದ ಭಕ್ತಿ.

ಇನ್ನು ಸರ್ವನಾಮ. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ಹಾಗೆ ಏಕವಚನವೂ ಗೌರವದ ಬಹುವಚನವೂ ಇದ್ದವು. ಮೂಲಕ್ಕೆ ಮರಳಿ ನೋಡಿದೆ. ಅತಿಥಿ ಪ್ರಾರ್ಥನೆಯ ರೂಢಿಯಂತೆ ದೇವರನ್ನು ಏಕವಚನದಲ್ಲೇ ಕರೆಯುತ್ತಾನೆ. ಬಹುವಚನ ಬಳಸುವುದು ಪ್ರೀತಿ! ಆಗಲೇ ಆ ಬಹುವಚನ ನಿತ್ಯದ ಮಾತಿನಲ್ಲಿ ಬೆರೆತಿತ್ತು, ಅದೊಂದರ ಮೇಲೆಯೇ ವಾದ ಕಟ್ಟಲಾಗದು. ಆದರೂ ಒಬ್ಬನೇ ಅತಿಥಿಗೆ, ಅದೂ ತಾನು ಯೋಗ್ಯನಲ್ಲ ಎನ್ನುವವನಿಗೆ, ಆ ಮರ್ಯಾದೆ ಸಲ್ಲುತ್ತಿರುವುದು ಕವಿತೆಯ ನಡೆಗೆ ಹೊಂದುತ್ತದೆ.

ಇಂದಿನ ಇಂಗ್ಲಿಷ್ ಓದುಗರ ಕಿವಿಗೆ ಈ ವ್ಯತ್ಯಾಸ ಸುಲಭವಾಗಿ ಬೀಳದು. ಕನ್ನಡದಲ್ಲಿ ಅದನ್ನು ಉಳಿಸಬಹುದು. ಯಾರ ಜೊತೆ ಯಾರು ಕೂತು ಉಣ್ಣಬಹುದು ಎಂಬುದನ್ನು ಪಂಕ್ತಿಭೇದ ತೀರ್ಮಾನಿಸಿದ ನಾಡಿನ ಭಾಷೆ ಇದು. ಹಾಗಾಗಿ ನನ್ನ ಅನುವಾದದಲ್ಲಿ ಅತಿಥಿ ದೇವರಿಗೆ 'ನೀನು' ಎನ್ನುತ್ತಾನೆ. ದೇವರು ಅವನಿಗೆ 'ನೀವು ಕೂತುಕೊಳ್ಳಿ' ಎನ್ನುತ್ತದೆ.